ಹಸಿರು ದೀಪ ಮತ್ತು ತಾಳೆಪಟ್ಟಿ

ಕಾಮರ್ಸ್ ಓದಿದವರಿಗೆಲ್ಲ ತಾಳೆಪಟ್ಟಿ ಗೊತ್ತು. ಲೆಡ್ಜರಿನ ಎಲ್ಲ ಖಾತೆಗಳ ಶಿಲ್ಕನ್ನು ಒಂದು ಹಾಳೆಗೆ ಇಳಿಸಿ, ಡೆಬಿಟ್ ಒಂದು ಕಡೆ ಕ್ರೆಡಿಟ್ ಒಂದು ಕಡೆ ಕೂಡಿದಾಗ ಎರಡೂ ಮೊತ್ತ ಒಂದೇ ಬಂದರೆ ತಾಳೆಯಾಯಿತು ಎನ್ನುತ್ತೇವೆ. ದಾವಣಗೆರೆಯಲ್ಲಿ ನಾನು ಬಿ.ಕಾಂ. ಓದುವಾಗ ನಮ್ಮ ಮೇಷ್ಟ್ರು ಮೊದಲ ವಾರದಲ್ಲೇ ಎಚ್ಚರಿಸಿದ್ದರು: ತಾಳೆಯಾಯಿತು ಎಂದರೆ ಲೆಕ್ಕ ಸರಿಯಿದೆ ಎಂದಲ್ಲ, ಕೆಲವು ಜಾತಿಯ ತಪ್ಪುಗಳು ಇಲ್ಲ ಎಂದಷ್ಟೇ. ಒಂದು ಬಿಲ್ಲನ್ನು ಪೂರ್ತಿ ಬಿಟ್ಟರೂ ತಾಳೆಯಾಗುತ್ತದೆ, ಎರಡು ಸಲ ಬರೆದರೂ ತಾಳೆಯಾಗುತ್ತದೆ. ಈ ಮಾತನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡೆ, ಸಿ.ಎ. ಮುಗಿಸಿದೆ, ವಿಮಾನ ಹತ್ತಿ ದುಬೈಗೆ ಬಂದೆ. ಅದು ಮತ್ತೆ ನೆನಪಾದದ್ದು 2018ರ ಏಪ್ರಿಲಿನಲ್ಲಿ, ಅದೂ ಲೆಡ್ಜರಿನಿಂದಲ್ಲ, ಒಂದು ನೆಟ್‌ವರ್ಕ್ ಕೇಬಲ್ಲಿನಿಂದ.

ಯುಎಇಯಲ್ಲಿ 2018ರ ಜನವರಿ 1ರಿಂದ ಶೇಕಡಾ 5ರ ವ್ಯಾಟ್ ಜಾರಿಗೆ ಬಂತು. ತೆರಿಗೆಯ ಲೆಕ್ಕ ಬರೆಯುವ ಅಭ್ಯಾಸವೇ ತಪ್ಪಿಹೋಗಿದ್ದ ನಮ್ಮಂಥವರು ಹಳೆಯ ಪುಸ್ತಕಗಳ ಧೂಳು ಕೊಡವಿ ಕೂತೆವು. ನಾನಿದ್ದದ್ದು ಕಟ್ಟಡ ಸಾಮಗ್ರಿ ಮಾರುವ ಒಂದು ಕಂಪನಿ. ಮೊದಲ ತ್ರೈಮಾಸಿಕದ ರಿಟರ್ನ್ ಏಪ್ರಿಲ್ 28ರೊಳಗೆ ಹೋಗಬೇಕಿತ್ತು. ತಾಳೆಪಟ್ಟಿ ಒಂದು ಫಿಲ್ಸ್ ವ್ಯತ್ಯಾಸವಿಲ್ಲದೆ ಕೂತಿತ್ತು. ಆದರೆ ಸರಬರಾಜುದಾರರ ಸ್ಟೇಟ್‌ಮೆಂಟುಗಳ ಜೊತೆ ಹೋಲಿಸುವಾಗ ಹದಿನಾಲ್ಕು ಖರೀದಿ ಬಿಲ್ಲುಗಳು ಎರಡೆರಡು ಸಲ ದಾಖಲಾಗಿರುವುದು ಕಂಡಿತು. ಹಾಗೇ ಬಿಟ್ಟಿದ್ದರೆ ಸರ್ಕಾರದಿಂದ ಇಲ್ಲದ ತೆರಿಗೆ ವಾಪಸು ಕೇಳಿದಂತಾಗುತ್ತಿತ್ತು.

ಎಲ್ಲ ಹದಿನಾಲ್ಕೂ ಒಬ್ಬನೇ ಹುಡುಗನ ಕೈಯಿಂದ ಬಂದವು. ಕುಂದಾಪುರದ ಕಡೆಯವನು, ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಕರೆದು ಕೇಳಿದೆ.

"ಸರ್, ಪೋಸ್ಟ್ ಒತ್ತಿದ ಮೇಲೆ ಸ್ಕ್ರೀನ್ ಹಾಗೇ ನಿಂತುಬಿಡ್ತದೆ. ಹೋಯ್ತೋ ಇಲ್ಲವೋ ಗೊತ್ತಾಗುದಿಲ್ಲ. ಮತ್ತೊಂದ್ಸಲ ಒತ್ತಿದೆ" ಎಂದ.

ಮಾರಾಟ ವಿಭಾಗದವರಿಗೆ ಆ ತೊಂದರೆ ಇರಲಿಲ್ಲ. ಸರ್ವರ್ ನೋಡಿಕೊಳ್ಳುವವರು ಬಂದು, ಎಲ್ಲ ಹಸಿರು ದೀಪ ಉರಿಯುತ್ತಿದೆ, ದೋಷ ಸೊನ್ನೆ ಎಂದು ಹೇಳಿ ಹೋದರು. ಅಂದ ಮೇಲೆ ತಪ್ಪು ಹುಡುಗನದೇ. ಎಚ್ಚರಿಕೆ ಪತ್ರದ ಕರಡು ಬರೆದು ಮೇಜಿನ ಖಾನೆಯಲ್ಲಿಟ್ಟೆ.

ಆ ಹಸಿರು ದೀಪ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಆಮೇಲೆ ಕುತೂಹಲಕ್ಕೆ ಓದಿಕೊಂಡು ಹೋದಾಗ, ಆ ದೀಪದ ಹಿಂದೆ ಅರ್ಧ ಶತಮಾನದ ಇತಿಹಾಸವಿರುವುದು ಗೊತ್ತಾಯಿತು. ಲೆಕ್ಕಿಗನಾದ ನನಗೆ ಅದು ನಮ್ಮ ಕಸುಬಿನ ದಾಯಾದಿಯ ಕಥೆಯಂತೆ ಕಂಡಿತು.

ಕಥೆ ಶುರುವಾಗುವುದು ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 1971ರಲ್ಲಿ ಅಲೋಹಾನೆಟ್ ಎಂಬ ರೇಡಿಯೋ ಜಾಲ ನಡೆಸಿದರು. ಬೇರೆ ಬೇರೆ ದ್ವೀಪಗಳಲ್ಲಿದ್ದವರೆಲ್ಲ ಒಂದೇ ತರಂಗದಲ್ಲಿ ಮಾತಾಡಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಎರಡೂ ಮಾತು ಕೆಡುತ್ತವೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳ: ತಲುಪಿತು ಎಂಬ ಉತ್ತರ ಬಾರದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸು. ನಮ್ಮ ಹುಡುಗ ಮಾಡಿದ್ದೂ ಅದನ್ನೇ.

ಅಬ್ರಾಮ್‌ಸನ್ನರ ಕೆಲಸವನ್ನು ಓದಿಕೊಂಡಿದ್ದ ರಾಬರ್ಟ್ ಮೆಟ್‌ಕಾಫ್ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1973ರ ಮೇ 22ರಂದು ಒಂದು ಟಿಪ್ಪಣಿ ಬರೆದರು. ಗಾಳಿಯ ಬದಲು ಒಂದು ತಂತಿ, ಅದಕ್ಕೆ ಎಲ್ಲ ಕಂಪ್ಯೂಟರುಗಳನ್ನೂ ಕಟ್ಟುವುದು. ಬೆಳಕು ಚಲಿಸಲು ಬೇಕೆಂದು ಹಿಂದಿನವರು ಕಲ್ಪಿಸಿಕೊಂಡಿದ್ದ ಈಥರ್ ಎಂಬ ಇಲ್ಲದ ವಸ್ತುವಿನ ಹೆಸರನ್ನೇ ಅದಕ್ಕೆ ಇಟ್ಟರು. ಡೇವಿಡ್ ಬಾಗ್ಸ್ ಜೊತೆಗೂಡಿ ಕಟ್ಟಿದ ಆ ಮೊದಲ ಈಥರ್ನೆಟ್ಟಿನ ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1976ರಲ್ಲಿ ಇಬ್ಬರೂ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿದ್ದರು: ಈ ಜಾಲ ತನ್ನ ಕೈಲಾದಷ್ಟು ಮಾಡುತ್ತದೆ, ತಲುಪಿಸುವ ಭರವಸೆ ಕೊಡುವುದಿಲ್ಲ. ಇದು ಸಾದಾ ಅಂಚೆ, ರಿಜಿಸ್ಟರ್ಡ್ ಪೋಸ್ಟ್ ಅಲ್ಲ. ಕೆಟ್ಟು ಬಂದ ಕಂತೆಯನ್ನು ನೆಟ್‌ವರ್ಕ್ ಕಾರ್ಡು ಎಸೆದುಬಿಡುತ್ತದೆ. ಮತ್ತೆ ಕೇಳಿ ತರಿಸಿಕೊಳ್ಳುವುದು ಮೇಲಿನವರ ಹಣೆಬರಹ.

ಕೆಟ್ಟಿದೆ ಎಂದು ಕಾರ್ಡಿಗೆ ಹೇಗೆ ತಿಳಿಯುತ್ತದೆ? ಇಲ್ಲಿಯೇ ನಮ್ಮ ಕಸುಬಿನ ನೆಂಟಸ್ತಿಕೆ ಬರುವುದು. ಹಳೆಯ ಗಣಿತದ ಮೇಷ್ಟ್ರುಗಳು ಗುಣಾಕಾರ ಸರಿಯಿದೆಯೇ ನೋಡಲು ಒಂಬತ್ತು ಕಳೆಯುವ ಪರೀಕ್ಷೆ ಹೇಳಿಕೊಡುತ್ತಿದ್ದರು. ಅಂಕಿಗಳನ್ನೆಲ್ಲ ಕೂಡಿ, ಒಂಬತ್ತರಿಂದ ಭಾಗಿಸಿ, ಶೇಷವನ್ನು ಹೋಲಿಸುವುದು. 1961ರಲ್ಲಿ ವೆಸ್ಲಿ ಪೀಟರ್‌ಸನ್ ಮತ್ತು ಅವರ ಸಹಲೇಖಕರು ಪ್ರಕಟಿಸಿದ ವಿಧಾನ ಅದರ ಬಲಿಷ್ಠ ಸೋದರ. ಕಳಿಸಬೇಕಾದ ಮಾಹಿತಿಯನ್ನೆಲ್ಲ ಒಂದೇ ಭಾರೀ ಸಂಖ್ಯೆ ಎಂದು ಭಾವಿಸಿ, ದಶಕ ಒಯ್ಯದ ಒಂದು ವಿಶೇಷ ಗಣಿತದಲ್ಲಿ, ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡ ಭಾಜಕದಿಂದ ಭಾಗಿಸಿ, ಉಳಿದ ಶೇಷವನ್ನು ಕೊನೆಗೆ ಅಂಟಿಸಿ ಕಳಿಸುವುದು. ಪಡೆದವನು ಮತ್ತೆ ಭಾಗಿಸಿ ನೋಡುತ್ತಾನೆ. ಶೇಷ ಹೊಂದದಿದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆ. ಇದಕ್ಕೆ ಸಿಆರ್‌ಸಿ ಎಂದು ಹೆಸರು. ಇದನ್ನು ಕೊಟ್ಟ ಪೀಟರ್‌ಸನ್ ಮುಂದೆ ಅದೇ ಹವಾಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಒಂಬತ್ತರ ಪರೀಕ್ಷೆಗೆ ಒಂದು ಕುರುಡಿದೆ. 54ರ ಬದಲು 45 ಎಂದು ಬರೆದರೆ ಅದಕ್ಕೆ ತಿಳಿಯುವುದಿಲ್ಲ, ಏಕೆಂದರೆ ಅಂಕಿಗಳ ಮೊತ್ತ ಎರಡರಲ್ಲೂ ಒಂದೇ. ಸಿಆರ್‌ಸಿಗೆ ಸ್ಥಾನ ಬದಲಾದದ್ದೂ ಕಾಣುತ್ತದೆ. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಸೇರಿ 10 ಮೆಗಾಬಿಟ್ ಈಥರ್ನೆಟ್ಟಿನ ಮಾನದಂಡ ಹೊರಡಿಸಿದಾಗ ಈ ಶೇಷಕ್ಕೆ 32 ಬಿಟ್ ಇಟ್ಟರು. ಅಡ್ಡಾದಿಡ್ಡಿ ಕೆಟ್ಟ ಕಂತೆಯೊಂದು ಈ ಪರೀಕ್ಷೆಯ ಕಣ್ಣು ತಪ್ಪಿಸುವ ಸಂಭವ ಸುಮಾರು 429 ಕೋಟಿಯಲ್ಲಿ ಒಂದು. ಅಷ್ಟು ಕಟ್ಟುನಿಟ್ಟಿನ ಗುಮಾಸ್ತ ಯಾವ ಮಂಡಿಯಲ್ಲೂ ಸಿಕ್ಕಲಾರ. ಆದರೆ ಅವನದೊಂದು ಸ್ವಭಾವವಿದೆ. ಕೆಟ್ಟ ಚೀಟಿ ಬಂದರೆ ಕೂಗಾಡುವುದಿಲ್ಲ. ಕಸದ ಬುಟ್ಟಿಗೆ ಹಾಕಿ, ತನ್ನ ಪುಸ್ತಕದ ಮೂಲೆಯಲ್ಲಿ ಒಂದು ಗೀಟು ಎಳೆದು ಸುಮ್ಮನಾಗುತ್ತಾನೆ. ಆ ಗೀಟುಗಳೇ ಎಣಿಕೆ, ಕೌಂಟರ್. ಯಾರಾದರೂ ಹೋಗಿ ಕೇಳಿದರೆ ಮಾತ್ರ ಹೇಳುತ್ತಾನೆ.

ಬುಟ್ಟಿಗೆ ಹೋದದ್ದನ್ನು ಮತ್ತೆ ತರಿಸುವ ಕೆಲಸ ಟಿಸಿಪಿಯದು. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಅದರ ಮೂಲ ವಿನ್ಯಾಸ ಪ್ರಕಟಿಸಿದರು. ಕಳಿಸುವ ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇರುತ್ತದೆ. ಬಾರದಿದ್ದರೆ ಮತ್ತೆ ಕಳಿಸುತ್ತಾರೆ, ಎರಡು ಸಲ ಬಂದರೆ ಸಂಖ್ಯೆ ನೋಡಿ ಒಂದನ್ನು ಬಿಸಾಡುತ್ತಾರೆ. ವೋಚರ್ ನಂಬರಿನ ಮಹಿಮೆ ನಮಗೆ ಹೇಳಿಕೊಡಬೇಕಿಲ್ಲ. ಟಿಸಿಪಿಗೂ ತನ್ನದೇ ಒಂದು ಪರೀಕ್ಷೆಯಿದೆ, ಆದರೆ ಅದು ಬರೀ ಕೂಡುವ ಲೆಕ್ಕ. ಹದಿನಾರು ಬಿಟ್‌ಗಳ ತುಂಡುಗಳನ್ನು ಸಾಲಾಗಿ ಕೂಡುತ್ತಾರೆ. ಎರಡು ತುಂಡುಗಳು ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ. ನಮ್ಮ ತಾಳೆಪಟ್ಟಿಯ ಹಾಗೆಯೇ.

ಒಂದರ ಮೇಲೊಂದು ಇಷ್ಟು ಪರೀಕ್ಷೆಗಳಿದ್ದರೂ ತಪ್ಪು ನುಸುಳಬಹುದೆ? ಎಂಐಟಿಯ ಜೆರೋಮ್ ಸಾಲ್ಟ್‌ಜರ್, ಡೇವಿಡ್ ರೀಡ್, ಡೇವಿಡ್ ಕ್ಲಾರ್ಕ್ ಮೊದಲು 1981ರಲ್ಲಿ ಮಂಡಿಸಿ 1984ರಲ್ಲಿ ವಿಸ್ತರಿಸಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಘಟನೆ ಬರುತ್ತದೆ. ಅಲ್ಲಿನ ಜಾಲಗಳ ನಡುವೆ ಕೂತಿದ್ದ ಒಂದು ಗೇಟ್‌ವೇ ಕಂಪ್ಯೂಟರು, ಬಂದದ್ದನ್ನು ಒಳಗೆ ಒಂದು ಜಾಗದಿಂದ ಇನ್ನೊಂದಕ್ಕೆ ನಕಲಿಸುವಾಗ, ಸುಮಾರು ಹತ್ತು ಲಕ್ಷ ಬೈಟ್‌ಗಳಿಗೆ ಒಮ್ಮೆ ಎರಡು ಬೈಟ್‌ಗಳನ್ನು ಅದಲುಬದಲು ಮಾಡುತ್ತಿತ್ತು. ತಂತಿಯ ಮೇಲೆ ಪರೀಕ್ಷೆಯಿತ್ತು. ಗೇಟ್‌ವೇಗೆ ಒಳಬರುವಾಗ ಸರಿ, ಹೊರಡುವಾಗ ಹೊಸ ಶೇಷ ಹಾಕಿ ಕಳಿಸಿದ್ದರಿಂದ ಮುಂದಿನ ತಂತಿಯಲ್ಲೂ ಸರಿ. ಕೆಟ್ಟದ್ದು ನಡುವಿನ ಮನೆಯೊಳಗೆ. ಎಲ್ಲ ತಂತಿಗಳೂ ಸರಿ ಎಂದು ನಂಬಿದ್ದವರ ಪ್ರೋಗ್ರಾಮುಗಳು ಕೆಟ್ಟುಹೋದವು. ಕೊನೆಗೆ ಹಳೆಯ ಮುದ್ರಿತ ಪ್ರತಿಗಳನ್ನು ಇಟ್ಟುಕೊಂಡು ಸಾಲು ಸಾಲಾಗಿ ಕೈಯಲ್ಲಿ ಹೋಲಿಸಬೇಕಾಯಿತು. ಆ ಮೂವರ ವಾದದ ಸಾರ ಇಷ್ಟು: ನಡುವಿನವರು ಎಷ್ಟೇ ಪರೀಕ್ಷೆ ಮಾಡಲಿ, ಕೊನೆಯ ಪರೀಕ್ಷೆ ಎರಡು ತುದಿಗಳಲ್ಲೇ ಆಗಬೇಕು. ಸರಬರಾಜುದಾರನ ಸ್ಟೇಟ್‌ಮೆಂಟ್ ತರಿಸಿ ಹೋಲಿಸು ಎಂದು ಆಡಿಟ್‌ನಲ್ಲಿ ನಮಗೆ ಕಲಿಸಿದ್ದೂ ಇದನ್ನೇ.

ಇನ್ನೊಂದು ಅವಾಂತರ 1986ರ ಅಕ್ಟೋಬರಿನದು. ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಸುಮಾರು 400 ಗಜ ದೂರ. ಆ ದಾರಿಯ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಕಳೆದುಹೋದದ್ದನ್ನು ಎಲ್ಲರೂ ಹಟ ಹಿಡಿದು ಮತ್ತೆ ಮತ್ತೆ ಕಳಿಸಿದ್ದರಿಂದ ಜಾಲವೇ ಉಸಿರುಗಟ್ಟಿತ್ತು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಮದ್ದು ಪ್ರಕಟಿಸಿದರು: ಕಂತೆ ಕಳೆದುಹೋದರೆ ದಾರಿಯಲ್ಲಿ ಜನಜಂಗುಳಿಯಿದೆ ಎಂದು ತಿಳಿದು ವೇಗ ತಗ್ಗಿಸು. ಅಂತರ್ಜಾಲವನ್ನು ಉಳಿಸಿದ್ದು ಈ ಸಭ್ಯತೆ. ಆದರೆ ಇದಕ್ಕೊಂದು ಅಡ್ಡಪರಿಣಾಮವೂ ಇದೆ. ಕೇಬಲ್ ಹಾಳಾಗಿ ಕಂತೆ ಕಳೆದರೂ ಟಿಸಿಪಿ ಅದನ್ನು ಜನಜಂಗುಳಿ ಎಂದೇ ತಿಳಿದು ಹಿಂದೆ ಸರಿಯುತ್ತದೆ. ಖಾಲಿ ರಸ್ತೆಯಲ್ಲಿ ಆಂಬುಲೆನ್ಸು ಎತ್ತಿನಗಾಡಿಯ ಹಿಂದೆ ನಿಂತಂತೆ ನಿಲ್ಲುತ್ತದೆ. ನೂರರಲ್ಲಿ ಒಂದೆರಡು ಕಂತೆ ಕೆಟ್ಟರೂ ಸಾಕು, ಕೆಲಸ ಕುಂಟುತ್ತದೆ. ಮಾಹಿತಿ ಕೆಡುವುದಿಲ್ಲ, ಸ್ಕ್ರೀನ್ ಮಾತ್ರ ನಿಂತುಬಿಡುತ್ತದೆ.

1990ರಲ್ಲಿ ಕಲ್ಪನಾ ಎಂಬ ಕಂಪನಿ ಮೊದಲ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಹೆಸರು ಕೇಳಿ ನಮ್ಮ ಮಿನುಗುತಾರೆಯನ್ನು ನೆನೆಯಬೇಡಿ, ಇದು ಕ್ಯಾಲಿಫೋರ್ನಿಯಾದ ಕಂಪನಿ, ಸ್ಥಾಪಕರಲ್ಲಿ ಒಬ್ಬರು ವಿನೋದ್ ಭಾರದ್ವಾಜ್. ಅವರ ಸ್ವಿಚ್ಚು ವೇಗಕ್ಕಾಗಿ ಕಂತೆಯ ತಲೆಬರಹ ಓದಿದ ಕೂಡಲೇ, ಬಾಲ ಬರುವ ಮೊದಲೇ, ಮುಂದಕ್ಕೆ ದಾಟಿಸುತ್ತಿತ್ತು. ಶೇಷವಿರುವುದು ಬಾಲದಲ್ಲಿ. ಹಾಗಾಗಿ ಕೆಟ್ಟ ಕಂತೆಯೂ ದಾಟಿಹೋಗಿ, ಏನೂ ತಪ್ಪು ಮಾಡದ ಇನ್ನೊಂದು ಕಾರ್ಡಿನ ಲೆಕ್ಕದಲ್ಲಿ ಗೀಟಾಗಿ ಬೀಳುತ್ತದೆ. ಇಂದಿಗೂ ಈ ಬಗೆಯ ಸ್ವಿಚ್ಚುಗಳಿರುವಲ್ಲಿ ತಪ್ಪು ಕಂಡ ಜಾಗವೇ ತಪ್ಪು ಹುಟ್ಟಿದ ಜಾಗ ಎನ್ನುವಂತಿಲ್ಲ. 1995ರಲ್ಲಿ 100 ಮೆಗಾಬಿಟ್ ಈಥರ್ನೆಟ್ ಬಂದಾಗ ಹೊಸ ತಕರಾರು. ತಂತಿಯ ಒಂದು ತುದಿ ಏಕಕಾಲಕ್ಕೆ ಆಡಬಹುದು ಕೇಳಬಹುದು ಎಂದುಕೊಂಡಿರುತ್ತಿತ್ತು, ಇನ್ನೊಂದು ತುದಿ ಸರದಿಯ ಮೇಲೆ ಎಂದುಕೊಂಡಿರುತ್ತಿತ್ತು. ದೀಪ ಎರಡೂ ಕಡೆ ಹಸಿರು. ಮೊದಲನೆಯದರ ಎಣಿಕೆಯಲ್ಲಿ ಸಿಆರ್‌ಸಿ ತಪ್ಪುಗಳು, ಎರಡನೆಯದರಲ್ಲಿ ತಡವಾದ ಡಿಕ್ಕಿಗಳು. ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದವನಿಗೆ ಮಾತ್ರ ರೋಗ ತಿಳಿಯುತ್ತಿತ್ತು.

2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೆಗ್ ಪಾರ್ಟ್ರಿಜ್ ನಿಜವಾದ ಜಾಲಗಳ ಸಂಚಾರವನ್ನು ಹಿಡಿದು ಲೆಕ್ಕ ಹಾಕಿದರು. ಸಿಆರ್‌ಸಿ ಸರಿ ಎಂದು ಬಿಟ್ಟುಕೊಟ್ಟ ಕಂತೆಗಳಲ್ಲೇ 1,100ಕ್ಕೆ ಒಂದರಿಂದ 32,000ಕ್ಕೆ ಒಂದರವರೆಗೆ ಟಿಸಿಪಿಯ ಕೂಡುವ ಪರೀಕ್ಷೆಯಲ್ಲಿ ಸೋಲುತ್ತಿದ್ದವು. ತಪ್ಪುಗಳು ಹುಟ್ಟುತ್ತಿದ್ದುದು ಹೆಚ್ಚಾಗಿ ತಂತಿಯಲ್ಲಲ್ಲ, ಎಂಐಟಿಯ ಗೇಟ್‌ವೇಯಂತೆ ಯಂತ್ರಗಳ ಒಳಗೆ. ಅಷ್ಟರಲ್ಲಿ ಪ್ರೊಸೆಸರಿನ ಹೊರೆ ಇಳಿಸಲೆಂದು ಆ ಕೂಡುವ ಪರೀಕ್ಷೆಯನ್ನೂ ನೆಟ್‌ವರ್ಕ್ ಕಾರ್ಡಿಗೇ ಒಪ್ಪಿಸುವ ರೂಢಿ ಬೆಳೆಯುತ್ತಿತ್ತು. ನಗದು ಪೆಟ್ಟಿಗೆ ಹಿಡಿದವನ ಕೈಗೇ ನಗದು ಪುಸ್ತಕ ಕೊಟ್ಟ ಹಾಗೆ. ಆಡಿಟರ್ ಯಾರೇ ಆದರೂ ಇಲ್ಲೊಂದು ಕೆಂಪು ಗೆರೆ ಎಳೆಯುತ್ತಾನೆ.

ಇನ್ನು ನಮ್ಮ ಸರ್ವರ್. ಒಂದು ಯಂತ್ರವನ್ನು ಹಲವು ಯಂತ್ರಗಳೆಂದು ತೋರಿಸುವ ವಿದ್ಯೆ ಹೊಸದೇನಲ್ಲ. ಐಬಿಎಂ ತನ್ನ ಕೇಂಬ್ರಿಜ್ ಕೇಂದ್ರದಲ್ಲಿ 1960ರ ದಶಕದಲ್ಲೇ ಅದನ್ನು ಮಾಡಿತ್ತು, 1972ರಲ್ಲಿ ವಿಎಂ/370 ಎಂದು ಮಾರುಕಟ್ಟೆಗೆ ಬಿಟ್ಟಿತು. ಸಣ್ಣ ಕಂಪನಿಗಳ ಸಾಮಾನ್ಯ ಸರ್ವರುಗಳಿಗೆ ಅದು ಇಳಿದದ್ದು 1998ರಲ್ಲಿ ಹುಟ್ಟಿದ ವಿಎಂವೇರ್ 2001ರಲ್ಲಿ ಇಎಸ್ಎಕ್ಸ್ ತಂದ ಮೇಲೆ. 2003ರಲ್ಲಿ ಕ್ಸೆನ್, 2007ರಲ್ಲಿ ಲಿನಕ್ಸ್‌ನೊಳಗೇ ಕೆವಿಎಂ ಬಂದವು. ಕನ್ನಡದವರಿಗೆ ಇದನ್ನು ಅರ್ಥಮಾಡಿಸಲು ಒಂದೇ ಪದ ಸಾಕು: ವಠಾರ. ಒಂದು ಕಟ್ಟಡ, ಹತ್ತು ಸಂಸಾರ. ಪ್ರತಿ ಸಂಸಾರಕ್ಕೂ ಇಡೀ ಮನೆ ತನ್ನದೇ ಎಂಬ ಭ್ರಮೆ. ಆದರೆ ಬೀದಿಗೆ ಹೋಗುವ ಬಾಗಿಲು ಎರಡೇ, ಅವೇ ನಿಜವಾದ ನೆಟ್‌ವರ್ಕ್ ಕಾರ್ಡುಗಳು. ಸಂಸಾರಗಳಿಗೆ ಕೊಟ್ಟಿರುವುದು ಕಲ್ಪಿತ ಕಾರ್ಡು. ಹೊರಗಿನ ನಿಜವಾದ ಕೇಬಲ್ 1 ಗಿಗಾಬಿಟ್ ಆಗಿದ್ದರೂ ವಿಎಂಎಕ್ಸ್‌ನೆಟ್3 ಎಂಬ ಕಲ್ಪಿತ ಕಾರ್ಡು ತನ್ನ ವೇಗ 10 ಗಿಗಾಬಿಟ್ ಎಂದೇ ತೋರಿಸುತ್ತದೆ. ಕೆಟ್ಟ ಕಂತೆಗಳನ್ನು ನಿಜವಾದ ಕಾರ್ಡು ಬಾಗಿಲಲ್ಲೇ ಎಸೆಯುವುದರಿಂದ ಕಲ್ಪಿತ ಕಾರ್ಡಿನ ಪುಸ್ತಕದಲ್ಲಿ ದೋಷ ಸೊನ್ನೆ. ನಮ್ಮ ಸರ್ವರ್ ನೋಡಿಕೊಳ್ಳುವವರು ಸುಳ್ಳು ಹೇಳಿರಲಿಲ್ಲ. ಅವರು ಬಾಡಿಗೆದಾರನ ಪುಸ್ತಕ ನೋಡಿದ್ದರು, ವಠಾರದ ಯಜಮಾನನದನ್ನಲ್ಲ.

ಏಪ್ರಿಲ್ 24ರ ರಾತ್ರಿ ಹೊರಗಿನಿಂದ ಒಬ್ಬ ಹಿರಿಯ ತಂತ್ರಜ್ಞರನ್ನು ಕರೆಸಿದೆವು, ಈಜಿಪ್ಟಿನವರು. ಅವರು ಒಳಗಿನ ಯಂತ್ರಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರ ತಳದ ಸರ್ವರಿಗೆ ಹೋಗಿ ಎರಡು ನಿಜವಾದ ಕಾರ್ಡುಗಳ ಎಣಿಕೆ ತೆರೆದರು. ಮೊದಲನೆಯದರಲ್ಲಿ ಸಿಆರ್‌ಸಿ ತಪ್ಪು ಸೊನ್ನೆ. ಎರಡನೆಯದರಲ್ಲಿ ಆರಂಕಿಯ ಸಂಖ್ಯೆ. ನಾನು ಹಾರಿಬಿದ್ದೆ, ಅವರು ಕೈ ಸನ್ನೆ ಮಾಡಿ ಕೂರಿಸಿದರು. ಹಳೆಯ ಬಾಕಿಯೂ ಇರಬಹುದು, ಚಾಲ್ತಿಯದೋ ನೋಡಬೇಕು ಎಂದರು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರು, ಸಂಖ್ಯೆ ಏರಿತ್ತು. ಪಕ್ಕದ ಎಣಿಕೆಗಳನ್ನೂ ಓದಿದರು. ಕಾರ್ಡಿಗೆ ಎತ್ತಿಕೊಳ್ಳಲಾಗದೆ ಕೈಬಿಟ್ಟದ್ದು ಎಂಬ ಸಾಲು ಏರಿದ್ದರೆ ಹೊರೆ ಹೆಚ್ಚಾಗಿದೆ ಎಂದರ್ಥ, ಉದ್ದ ಹೊಂದದ್ದು ಎಂಬ ಸಾಲು ಏರಿದ್ದರೆ ಎರಡು ಕಡೆಯ ಹೊಂದಾಣಿಕೆಯಲ್ಲಿ ತಪ್ಪಿರಬಹುದು. ಏರಿದ್ದು ಸಿಆರ್‌ಸಿ ಒಂದೇ, ಅಂದರೆ ಬರುವ ದಾರಿಯಲ್ಲೇ ಏಟು ಬೀಳುತ್ತಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ಹೇಳಿ ಮೊದಲು ಕೇಬಲ್ ಬದಲಿಸಿದರು. ಎಣಿಕೆ ನಿಂತಿತು. ಅರ್ಧ ಗಂಟೆ ಕಾದೆವು. ಮತ್ತೆ ಒಂದೂ ಏರಲಿಲ್ಲ. ಕಾರ್ಡು, ಸ್ವಿಚ್ಚು ಎರಡನ್ನೂ ಮುಟ್ಟಬೇಕಾಗಲಿಲ್ಲ. ಹಳೆಯ ಕೇಬಲ್ಲು ರ‍್ಯಾಕಿನ ಬಾಗಿಲಿಗೆ ಸಿಕ್ಕಿ ಚಪ್ಪಟೆಯಾಗಿತ್ತು.

ಎರಡು ಬಾಗಿಲಿದ್ದ ಮೇಲೆ ಒಂದು ಕೆಟ್ಟರೆ ಇನ್ನೊಂದಕ್ಕೆ ತಾನಾಗಿ ಹೋಗಬೇಕಿತ್ತಲ್ಲ ಎಂದು ಕೇಳಿದೆ. ದೀಪ ಆರಿದರೆ ಮಾತ್ರ ಹೋಗುತ್ತದೆ, ಅರೆಜೀವವಾದರೆ ಹೋಗುವುದಿಲ್ಲ ಎಂದರು. ಹಸಿರು ದೀಪ ಹೇಳುವುದು ಆಚೆ ತುದಿಯಲ್ಲಿ ಯಾರೋ ಇದ್ದಾರೆ ಎಂದಷ್ಟೇ, ಮಾತು ಸರಿಯಾಗಿ ಕೇಳುತ್ತಿದೆ ಎಂದಲ್ಲ. ನಮ್ಮಲ್ಲಿ ಪ್ರತಿ ಸಂಸಾರಕ್ಕೂ ಒಂದು ಬಾಗಿಲು ಗೊತ್ತುಮಾಡಿತ್ತು. ಮಾರಾಟದವರದು ಮೊದಲನೆಯದು, ಲೆಕ್ಕಪತ್ರದ್ದು ಎರಡನೆಯದು. ಅವರಿಗೆ ತೊಂದರೆಯಿಲ್ಲ ಎಂಬುದೇ ಹುಡುಗನ ವಿರುದ್ಧ ನನ್ನ ದೊಡ್ಡ ಸಾಕ್ಷಿಯಾಗಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಸುಖವಾಗಿ ನಿದ್ದೆ ಮಾಡುತ್ತಿದ್ದೆ. ಕೇಬಲ್ಲಿನ ದೋಷದಿಂದ ಸ್ಕ್ರೀನ್ ನಿಂತದ್ದು ನಿಜ. ಆದರೆ ಬಿಲ್ಲು ಎರಡು ಸಲ ದಾಖಲಾಗಲು ಅದೊಂದೇ ಸಾಲದು. ಟಿಸಿಪಿ ಮತ್ತೆ ಕಳಿಸಿದ್ದಕ್ಕೆ ಕ್ರಮಸಂಖ್ಯೆಯಿದೆ. ಮನುಷ್ಯ ಮತ್ತೆ ಒತ್ತಿದ್ದಕ್ಕೆ ಕ್ರಮಸಂಖ್ಯೆ ಯಾರು ಕೊಡುತ್ತಾರೆ? ಕಂಪ್ಯೂಟರಿಗೆ ಅವು ಎರಡು ಬೇರೆ ಬಿಲ್ಲುಗಳು. ಅದನ್ನು ತಡೆಯಲೆಂದೇ ನಮ್ಮ ಲೆಕ್ಕದ ಸಾಫ್ಟ್‌ವೇರಿನಲ್ಲಿ ಒಂದು ಎಚ್ಚರಿಕೆಯಿತ್ತು: ಇದೇ ಸರಬರಾಜುದಾರನ ಇದೇ ಬಿಲ್ ನಂಬರ್ ಈಗಾಗಲೇ ದಾಖಲಾಗಿದೆ. ತುದಿಯಲ್ಲಿ ಇರಬೇಕಾದ ಕೊನೆಯ ಪರೀಕ್ಷೆ ಅದು. ವ್ಯಾಟ್ ಬರುವ ಮುಂಚಿನ ವರ್ಷ ಅದು ಪದೇ ಪದೇ ಅಡ್ಡ ಬಂದು ಕೆಲಸ ನಿಧಾನವಾಗುತ್ತಿದೆ ಎಂದು ಒಬ್ಬರು ಆಫ್ ಮಾಡಿಸಿದ್ದರು. ಆ ಕೋರಿಕೆಯ ಇಮೇಲ್ ಇನ್ನೂ ಇತ್ತು. ಕೆಳಗಿದ್ದದ್ದು ನನ್ನ ಹೆಸರು.

ಮರುದಿನ ಹುಡುಗನನ್ನು ಕರೆದು ಎಲ್ಲವನ್ನೂ ಹೇಳಿದೆ. ಕರಡು ಪತ್ರವನ್ನು ತೋರಿಸಿ ಅವನೆದುರೇ ಹರಿದೆ. "ತಪ್ಪು ನನ್ನದಪ್ಪ" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಬೇಜಾರಿಲ್ಲ ಸರ್. ಆದ್ರೆ ಈ ಎರಡು ವಾರ ನಂಗೇ ನನ್ನ ಮೇಲೆ ಅನುಮಾನ ಬಂದಿತ್ತು. ಒತ್ತಿದ್ದು ಒಂದು ಸಲವೋ ಎರಡು ಸಲವೋ ಅಂತ ರಾತ್ರಿ ಮಲಗಿದಾಗೆಲ್ಲ ಲೆಕ್ಕ ಹಾಕ್ತಿದ್ದೆ" ಎಂದ.

ಹದಿನಾಲ್ಕು ಬಿಲ್ಲುಗಳನ್ನು ರದ್ದುಮಾಡಿ ರಿಟರ್ನ್ ಅನ್ನು 27ರಂದು ಸಲ್ಲಿಸಿದೆವು. ಎಚ್ಚರಿಕೆಯನ್ನು ಮತ್ತೆ ಆನ್ ಮಾಡಿಸಿದೆ. ತಿಂಗಳ ಕೊನೆಯಲ್ಲಿ ಲೆಕ್ಕ ಮುಚ್ಚುವ ಮುನ್ನ ನೋಡಬೇಕಾದ ಪಟ್ಟಿಗೆ ಒಂದು ಸಾಲು ಸೇರಿಸಿದೆವು. ಬ್ಯಾಂಕ್ ಹೊಂದಾಣಿಕೆ, ದಾಸ್ತಾನು, ತಾಳೆಪಟ್ಟಿ ಆದ ಮೇಲೆ, ತಳದ ಸರ್ವರಿನ ಎರಡೂ ಕಾರ್ಡುಗಳ ಸಿಆರ್‌ಸಿ ಎಣಿಕೆ. ಲೆಕ್ಕಪತ್ರ ವಿಭಾಗಕ್ಕೆ ಇದೇಕೆ ಎಂದು ಹೊಸದಾಗಿ ಬಂದ ಮ್ಯಾನೇಜರ್ ಒಬ್ಬರು ಕೇಳಿದ್ದರು. ಉತ್ತರ ಕೊಟ್ಟದ್ದು ನಾನಲ್ಲ, ಈಗ ಸೀನಿಯರ್ ಅಕೌಂಟೆಂಟ್ ಆಗಿರುವ ಆ ಕುಂದಾಪುರದ ಹುಡುಗ. ಪ್ರತಿ ತಿಂಗಳೂ ಆ ಸಂಖ್ಯೆಯನ್ನು ಅವನೇ ಬರೆದು ಸಹಿ ಹಾಕುತ್ತಾನೆ. ಕಳೆದ ತಿಂಗಳು ಎರಡೂ ಸೊನ್ನೆ ಇದ್ದವು.